ಅರ್ಜುನಪ್ಪ ಮಾವನ ಊಟದ ಹುಕುಂ

ಊಟ ಬಲ್ಲವನಿಗೆ ಜಗಳವಿಲ್ಲ, ಮಾತು ಬಲ್ಲವನಿಗೆ ಊಟವಿಲ್ಲ. ಗಾದೆ ಹೀಗಿಲ್ಲ ಎನ್ನುವವರು ನಮ್ಮ ಹೊಳೆಆಲೂರಿಗೆ ಬಂದು ಒಂದು ನುಡಿನಮನದಲ್ಲಿ ಕೂತು ನೋಡಬೇಕು. ಮುಂದೆ ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಗಂಟಲು ಕಟ್ಟಿಹೋಗಲಿ. ಮಿಮಿಕ್ರಿ ಮಾಡುವವನಿಗೆ ಇದಕ್ಕಿಂತ ದೊಡ್ಡ ಆಣೆ ಇಲ್ಲ.

ನನ್ನ ಸೋದರಮಾವ ಅರ್ಜುನಪ್ಪ ಇಪ್ಪತ್ತೆರಡು ವರ್ಷ ನೌಕಾದಳದಲ್ಲಿದ್ದರು. ನೌಕೆ ಏರಿದ್ದು ಕಡಿಮೆ, ನೌಕರಿ ಮಾಡಿದ್ದು ಹೆಚ್ಚು; ದಂಡೆಯ ಗೋದಾಮಿನಲ್ಲಿ ಹಗ್ಗ ಕಾಯುವ ಕೆಲಸ. ಇದನ್ನು ಅವರೇ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ನಿವೃತ್ತರಾದ ಮೇಲೆ ಮಾತ್ರ ಮನೆಯನ್ನೇ ಹಡಗು ಮಾಡಿಕೊಂಡರು. ಮಗಳು ಮೇಘಾಳ ಜಡೆಗೆ ಅವರು ಹಾಕಿದ ಗಂಟು ಬಿಚ್ಚಲಾಗದೆ ಮಾಯವ್ವ ಅತ್ತೆ ಎಷ್ಟೋ ಸಂಜೆ ರಿಬ್ಬನ್ನನ್ನೇ ಕತ್ತರಿಸಿದ್ದಾಳೆ. ಊಟದ ಹೊತ್ತಿಗೆ ಎಲ್ಲರ ಉಗುರಿನ ತಪಾಸಣೆ. ಆಮೇಲೆ ಮೀಸೆಯಡಿಯಿಂದ ಒಂದು ಗರ್ಜನೆ: “ಊಟಕ್ಕ ಹುಕುಂ!” ಅಲ್ಲಿಯ ತನಕ ಯಾರೂ ರೊಟ್ಟಿ ಮುರಿಯುವಂತಿರಲಿಲ್ಲ.

ಮಾವ ತೀರಿಕೊಂಡರು. ಅತ್ತೆ ತಾಟಿನ ಮುಂದೆ ಕೂಡುವಳು, ಒಂದು ಗಳಿಗೆ ಬಾಗಿಲ ಕಡೆ ನೋಡುವಳು, ಎದ್ದುಬಿಡುವಳು. ಸಕ್ಕರೆ ಕಾಯಿಲೆಯ ಹೆಂಗಸು, ಹತ್ತು ದಿನ ಬರೀ ಚಹಾ ಮತ್ತು ಗುಳಿಗೆ. “ಹಿಂಗಾದ್ರ ನಿನ್ನೂ ಕಳ್ಕೊಂಡೇವು, ಒಂದ್ ತುತ್ತು ತಿನ್ನವ್ವಾ,” ಎಂದು ಮಗ ಕಲ್ಲೇಶ ಕಾಲು ಹಿಡಿದ. ಊಹೂಂ.

ಹನ್ನೊಂದನೆಯ ದಿನ ನುಡಿನಮನ. ಅಂಗಳದಲ್ಲಿ ಪೆಂಡಾಲು, ಫೋಟೋದ ಮುಂದೆ ಎಣ್ಣೆಗಾಯಿಯ ಎಡೆ. ನಿವೃತ್ತ ಮಾಸ್ತರ ಮುಕುಂದರಾಯರು ಮೈಕು ಹಿಡಿದರು. ಬಿಡಲಿಲ್ಲ.

“ಅರ್ಜುನಪ್ಪನವರ ಹೆಸರು ಕೇಳಿದರೆ ಶತ್ರುಗಳ ಹಡಗುಗಳು ದಿಕ್ಕು ಬದಲಿಸುತ್ತಿದ್ದವು! ಮಲಪ್ರಭೆ ಉಕ್ಕಿ ಬಂದಾಗ ಈ ವೀರ ಎದೆಮಟ್ಟದ ನೀರಿಗೆ ಜಿಗಿದು...”

ಜಿಗಿದದ್ದು ಎಮ್ಮೆ. ಮಾವ ದಂಡೆಯಲ್ಲಿ ಹಗ್ಗ ಹಿಡಿದಿದ್ದರು, ಅಷ್ಟೇ. ಮಾಸ್ತರರ ಬಾಯಲ್ಲಿ ಮಾವ ಕಪ್ತಾನರಾದರು, ಕಪ್ತಾನರು ಅಡ್ಮಿರಲ್ ಆದರು. ಗಂಟೆ ಎರಡಾಯಿತು. ಇನ್ನು ಹತ್ತು ನಿಮಿಷ ಬಿಟ್ಟಿದ್ದರೆ ವರುಣದೇವನೇ ಆಗಿಬಿಡುತ್ತಿದ್ದರು.

ಪಕ್ಕದ ಮನೆಯ ಖಾತುನಬಿ ನನ್ನನ್ನು ತಿವಿದಳು. “ಏ ತಮ್ಮಾ, ನಿಮ್ಮತ್ತಿ ಮಾರಿ ನೋಡು, ಹ್ಯಾಂಗ ಬಿಳಚೇತಿ. ಊರಮಂದಿ ಧ್ವನಿ ಎಲ್ಲಾ ತಗೀತಿ, ಆಕಿ ಸಲುವಾಗಿ ಒಂದ್ ಧ್ವನಿ ತಗಿಯಾಕ ಆಗಂಗಿಲ್ಲೇನು?”

“ಬೈದ್ರ ಏನ್ ಮಾಡ್ಲಿ, ಚಾಚಿ?”

“ಬೈಯಾಕರೆ ಬಾಯಿ ತಗೀತಾಳಲ್ಲೋ!”

ಅಡಿಗೆಮನೆಯ ಬಾಗಿಲ ಹಿಂದೆ ಸರಿದೆ. ಹೊಟ್ಟೆ ಒಳಗೆಳೆದುಕೊಂಡೆ. ಬಿಟ್ಟೆ: “ಊಟಕ್ಕ ಹುಕುಂ!”

ಮಾಸ್ತರರ ಮಹಾಸಾಗರ ಅರ್ಧಕ್ಕೇ ಬತ್ತಿತು. ಕಲ್ಲೇಶ ಗಾಬರಿಯಾಗಿ ಉಗುರು ತೋರಿಸಲು ಎರಡೂ ಕೈ ಮುಂದೆ ಚಾಚಿದ. ಅತ್ತೆ ಎದ್ದಳು, ನೆಟ್ಟಗೆ ಬಾಗಿಲಿಗೆ ಬಂದಳು, ನನ್ನ ಕಿವಿ ಹಿಡಿದು ಹೊರಗೆಳೆದಳು.

“ಎಲ್ಲಾ ತಪ್ಪು ಮಾಡಿದಿ, ಮೂಳ! ನಾ ಒಳಗ ಸೌಟು ಬಡಿಯೂದಕ್ಕ ಮದಲ ನಿಮ್ಮ ಮಾವ ಎಂದರ ಒದರ‍್ಯಾರೇನು?”

“ಸೌಟು?”

“ಅಡಿಗಿ ತಡಾ ಆಗೇತಿ ಅಂತ ಮಂದಿಗೆ ತಿಳೀಬಾರದಂತ ಉಗುರು ನೋಡ್ಕೋತ ನಿಂದರೋರು. ನಾ ಸೌಟು ಬಡದ ಮ್ಯಾಲನ ಅವರ ಹುಕುಂ. ಅಡ್ಮಿರಲ್ ಅಂತ, ಅಡ್ಮಿರಲ್!”

“ಹಂಗಾದ್ರ ಬಡೀರಿ ಅತ್ತಿ. ಮತ್ತ ಒದರ‍್ತೀನಿ.”

ಅತ್ತೆ ನನ್ನ ಕಿವಿ ಬಿಡಲಿಲ್ಲ. ಇನ್ನೊಂದು ಕೈಯಿಂದ ಬಡಿಸಲು ಇಟ್ಟಿದ್ದ ಸೌಟು ತೆಗೆದು ಬೋಗುಣಿಗೆ ಠಣ್ ಎಂದು ಬಡಿದಳು. ನಾನು ಒದರಿದೆ. ಎಲ್ಲರಿಗಿಂತ ಮೊದಲು ಪಂಕ್ತಿಯಲ್ಲಿ ಕೂತವರು ಮುಕುಂದರಾಯರು. ಅವರನ್ನು ನೋಡಿ ಪೆಂಡಾಲೆಲ್ಲ ನಕ್ಕಿತು. ಆ ಗದ್ದಲದಲ್ಲೂ ಜೋರಾಗಿ ಕೇಳಿದ್ದು ಅತ್ತೆಯ ನಗೆ, ಅದೂ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು.