ಕಪಾಟಿನ ಹಿಂದಿನ ವೈರು

ಬೆಸುಗೆ ಹಾಕುವಾಗ ರಾಳ ಕಾದು ಏಳುವ ಹೊಗೆಯ ವಾಸನೆಯೆಂದರೆ ನನಗೆ ಅಪ್ಪನ ರೇಡಿಯೋ ರಿಪೇರಿ ಅಂಗಡಿ. ಶಾಲೆ ಬಿಟ್ಟ ಮೇಲೆ ನಾನೂ ತಮ್ಮನೂ ಆ ವಾಸನೆಯಲ್ಲೇ ಕೂತು ಮಗ್ಗಿ ಬಾಯಿಪಾಠ ಮಾಡಿದವರು. ನಾನು ಕಾಲೇಜಿಗೆ ಹೋಗಿ ಇತಿಹಾಸ ಓದಿದೆ. ಅವನು ಅಂಗಡಿಯಲ್ಲೇ ಉಳಿದ.

ಈಗ ಕಾಯಿಲೆ ಅವನ ಮೈಯನ್ನೆಲ್ಲ ಕಟ್ಟಿಹಾಕಿದೆ. ಎಡಗೈಯ ಎರಡು ಬೆರಳು ಮಾತ್ರ ಆಡುತ್ತವೆ. ಕೈ ಪೂರ್ತಿ ಸೋಲುವ ಮೊದಲೇ, ಆ ಬೆರಳುಗಳನ್ನು ನಂಬಿ, ಅಂಗೈ ಅಗಲದ ಒಂದು ಸರ್ವರ್, ಅಂದರೆ ಮನೆಯ ಸಾಮಾನುಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್, ಕಟ್ಟಿಟ್ಟುಕೊಂಡಿದ್ದ. ಟ್ಯಾಬ್ ಮುಟ್ಟಿದರೆ ಕಿಟಕಿಯ ಪರದೆ ಸರಿಯುತ್ತದೆ, ಫ್ಯಾನ್ ತಿರುಗುತ್ತದೆ, ಅಡುಗೆಮನೆಯಲ್ಲಿ ಹೆಂಡತಿಯನ್ನು ಕರೆಯುವ ಗಂಟೆ ಬಡಿಯುತ್ತದೆ.

ಇಂಟರ್‌ನೆಟ್ ಕಂಪನಿಯ ಟೆಕ್ನಿಷಿಯನ್ ಬಂದು ಹೊಸ ರೂಟರ್ ಹಾಕಿ ಹೋದ ದಿನದಿಂದ ಎಲ್ಲ ಬಂದ್. ಟ್ಯಾಬಿನಲ್ಲಿ 'ಸರ್ವರ್ ಸಿಗುತ್ತಿಲ್ಲ' ಎಂಬ ಒಂದೇ ಸಾಲು. ಮೂರು ದಿನ ನನ್ನ ತಮ್ಮ ಗಾಳಿ ಬೇಕೆಂದರೂ ಕೂಗಬೇಕಾಯಿತು. ಕೂಗಲು ನಾಚಿಕೆಯಾಗಿ ಬೆವರಿನಲ್ಲಿ ತೊಯ್ದು ಸುಮ್ಮನೆ ಮಲಗಿರುತ್ತಿದ್ದ.

ಎಷ್ಟು ಕರೆದರೂ ಟೆಕ್ನಿಷಿಯನ್ ಬರಲಿಲ್ಲ. ಕೊನೆಗೆ ಕಂಪನಿಗೆ ಫೋನ್ ಮಾಡಿದೆ.

"ಮನೇಲಿ ಗೊತ್ತಿರೋರು ಯಾರಾದ್ರೂ ಇದ್ರೆ ಫೋನ್ ಕೊಡಿ ಅಜ್ಜಿ," ಎಂದಿತು ಆ ಕಡೆಯ ಹೆಣ್ಣು ದನಿ.

"ಗೊತ್ತಿಲ್ದೋಳೇ ಮಾತಾಡ್ತಿರೋದು, ಹೇಳಮ್ಮ."

"ಇಂಟರ್‌ನೆಟ್ ಬರ್ತಿದೆ ತಾನೆ? ಹಾಗಾದ್ರೆ ನಮ್ಮ ಕಡೆಯಿಂದ ಎಲ್ಲ ಸರಿ ಇದೆ. ನಿಮ್ಮ ಆ ಹಳೇ ಡಬ್ಬಾನೇ ಕೆಟ್ಟಿರ್ಬೇಕು, ಎಸೆದ್ಬಿಡಿ."

ಮೈಯೆಲ್ಲ ಉರಿದುಹೋಯಿತು. ಸರ್ವರ್‌ಗೂ ಟ್ಯಾಬ್‌ಗೂ ನಡುವೆ ನಾಲ್ಕು ಮಾರು ದೂರ. ಅವು ಮಾತಾಡಲು ಹೊರಗಿನ ಇಂಟರ್‌ನೆಟ್ಟೇ ಬೇಡ. ಅದರ ಮೇಲೆ, ಸೋಲುತ್ತಿದ್ದ ಕೈಯಲ್ಲಿ ತಮ್ಮ ಕಟ್ಟಿದ್ದಕ್ಕೆ ಡಬ್ಬಾ ಎಂಬ ಹೆಸರು ಬೇರೆ!

"ಬೈದಿದ್ದು ಸಾಕಾಯ್ತಾ ಅಕ್ಕಾ?" ತಮ್ಮ ಮಲಗಿದಲ್ಲೇ ನಕ್ಕ. "ಅಪ್ಪ ಏನ್ ಹೇಳ್ತಿದ್ರು? ಊಹೆ ಮಾಡ್ಬೇಡ, ವೈರ್ ಹಿಡ್ಕೊಂಡು ನಡಿ ಅಂತ. ನಡಿ ಮತ್ತೆ."

ಎಪ್ಪತ್ಮೂರು ವರ್ಷದ ಮಂಡಿಗಳನ್ನು ನೆಲಕ್ಕೂರಿ, ಸರ್ವರಿನ ವೈರು ಹಿಡಿದು ಕಪಾಟಿನ ಹಿಂದೆ ತೂರಿದೆ. ಅಲ್ಲಿ ಧೂಳಿನ ಮಧ್ಯೆ ಹಳೆಯ ರೂಟರ್ ಕಣ್ಣು ಮಿಟುಕಿಸುತ್ತ ಕೂತಿತ್ತು! ಆ ಪುಣ್ಯಾತ್ಮ ಹೊಸದನ್ನು ಗೋಡೆಗೆ ಹಾಕಿ, ಟ್ಯಾಬನ್ನು ಅದಕ್ಕೆ ಸೇರಿಸಿ, ಹಳೆಯದನ್ನು ಬಿಚ್ಚದೆ ಎದ್ದು ಹೋಗಿದ್ದ. ಸರ್ವರ್ ಒಂದರ ಕಡೆ, ಟ್ಯಾಬ್ ಇನ್ನೊಂದರ ಕಡೆ, ಮಾತು ಬಿಟ್ಟ ಓರಗಿತ್ತಿಯರ ಹಾಗೆ. ವೈರು ಕಿತ್ತು ಹೊಸದಕ್ಕೆ ಚುಚ್ಚಿದೆ. ಎರಡು ನಿಮಿಷಕ್ಕೆ ಪರದೆ ಸರಿಯಿತು, ಫ್ಯಾನ್ ತಿರುಗಿತು.

ಮೂರು ದಿನದಿಂದ ಕರೆದರೂ ಬಾರದ ಟೆಕ್ನಿಷಿಯನ್ ಆಗ ಬಾಗಿಲಲ್ಲಿ ನಿಂತಿದ್ದ.

"ಹಳೇದನ್ನ ಬಿಚ್ಚೋಕೆ ಐದು ನಿಮಿಷ ಸಿಗ್ಲಿಲ್ವೇನಯ್ಯಾ? ನಿನ್ನ ಐದು ನಿಮಿಷಕ್ಕೆ ಇವನು ಮೂರು ದಿನ ಬೆಂದಿದಾನೆ!"

"ತಪ್ಪಾಯ್ತಮ್ಮ. ದಿನಕ್ಕೆ ಹದಿನಾಲ್ಕು ಮನೆ ಕೊಡ್ತಾರೆ. ಹಾಕು, ಓಡು ಅಂತಾರೆ."

"ಆಗಲ್ಲ ಅನ್ನೋಕೆ ಬಾಯಿಲ್ವಾ ನಿಂಗೆ?"

ಅವನು ಫೋನ್ ತೆಗೆದು ಹೊತ್ತು ನೋಡಿದ. ಗಂಟೆ ನಾಲ್ಕಾಗುತ್ತ ಬಂದಿತ್ತು.

"ಊಟ ಆಯ್ತೇನಪ್ಪಾ?" ತಮ್ಮ ಕೇಳಿದ.

"ಇನ್ನೂ ಐದು ಮನೆ ಇದೆ ಸಾರ್."

ತಮ್ಮನ ಬೆರಳು ಟ್ಯಾಬಿನ ಮೇಲೆ ಆಡಿತು. ಅಡುಗೆಮನೆಯಲ್ಲಿ ಗಂಟೆ ಬಡಿಯಿತು. ಅವನ ಹೆಂಡತಿ ಬಂದು ಗಂಡನ ಕಣ್ಣು ನೋಡಿದಳು, ನಿಂತವನ ಮುಖ ನೋಡಿದಳು, ಒಳಗೆ ಹೋದಳು. ನಾನಿನ್ನೂ ಆ ಕಂಪನಿಯನ್ನು ಬೈಯುತ್ತಲೇ ಇದ್ದೆ. ಅವಳು ತುಂಬಿದ ತಟ್ಟೆ ತಂದು ಟೆಕ್ನಿಷಿಯನ್‌ನ ಕೈಗಿಟ್ಟಳು.