ದ್ಯಾವಯ್ಯ ಅನುಮಾನಪಟ್ಟಿದ್ದು ಯಾರನ್ನು?

ನಮ್ಮ ಲೈನಿಗೆ ಹೊಸಬರು ಯಾರಾದರೂ ಬಂದರೆ ಮೊದಲು ಬಾಗಿಲು ಮುಚ್ಚಿಕೊಳ್ಳುತ್ತದೆ, ಆಮೇಲೆ ಕಿಟಕಿ ತೆರೆಯುತ್ತದೆ. ಲೈನ್ ಅಂದರೆ ಕಾಫಿ ತೋಟದ ಆಳುಗಳಿಗೆ ಎಸ್ಟೇಟಿನವರು ಕಟ್ಟಿಸಿದ ಸಾಲುಮನೆ. ಬಂದವರು ಫಾರೆಸ್ಟಿನವರೋ, ಸರ್ವೆಯವರೋ, ವೋಟು ಕೇಳುವವರೋ ಗೊತ್ತಾಗುವ ತನಕ ಯಾರೂ ಹೊರಗೆ ಕಾಲಿಡುವುದಿಲ್ಲ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಸಿಹಿ ಮಾತಾಡಿ ನಮ್ಮನ್ನು ಮುಳುಗಿಸಿ ಹೋದವರು ಕಡಿಮೆಯೇನೂ ಇಲ್ಲ.

ಆದರೆ ನಮ್ಮ ದ್ಯಾವಯ್ಯನ ಅನುಮಾನದ ತೂಕವೇ ಬೇರೆ. ಕುಂದೂರಿನ ಅಂಗಡಿಯಲ್ಲಿ ಒಂದು ತೆಂಗಿನಕಾಯಿ ಕೊಳ್ಳಬೇಕಾದರೆ ಗುಡ್ಡೆಯಲ್ಲಿರುವ ಕಾಯನ್ನೆಲ್ಲ ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ನೆಂಟರ ಮನೆಯಲ್ಲಿ ಕಾಫಿ ಕೊಟ್ಟರೂ ಮೂಸಿ ನೋಡಿಯೇ ಕುಡಿಯುತ್ತಾನೆ. 'ನಮ್ಮೋರಿಗೆ ಹಗ್ಗಾನೂ ಹಾವೇ' ಅಂತ ಅವನ ಹೆಂಡತಿ ಚೌಡಮ್ಮ ಸ್ವಸಹಾಯ ಸಂಘದ ಮೀಟಿಂಗಿನಲ್ಲಿ ನಮ್ಮನ್ನೆಲ್ಲ ನಗಿಸುತ್ತಾಳೆ.

ಶ್ರಾವಣದ ಒಂದು ಭಾನುವಾರ ಲೈನಿನ ಮುಂದೆ ಒಂದು ವ್ಯಾನು ಬಂದು ನಿಂತಿತು. ಹಾಸನದ ಕಲಾ ತಂಡದವರು ತಮಟೆ ಹಿಡಿದು ಇಳಿದರು. ಅವರ ಜೊತೆ ಕಾನೂನು ಕಾಲೇಜಿನ ಹುಡುಗ ಹುಡುಗಿಯರೂ ಇದ್ದರು. ಕೂಲಿ ಆಳಿನ ಹಕ್ಕಿನ ಬಗ್ಗೆ ಬೀದಿ ನಾಟಕ ಆಡಿದರು. ತಮಟೆ ಸದ್ದಿಗೆ ಒಂದೊಂದೇ ಬಾಗಿಲು ತೆರೆಯಿತು. ನಾಟಕ ಮುಗಿದ ಮೇಲೆ ತಂಡದಲ್ಲಿ ಹಾಡುತ್ತಿದ್ದ ಗಂಗಾಮಣಿ ಮುಂದೆ ಬಂದಳು. ಅವಳು ಪಕ್ಕದೂರಿನವಳೇ. ಚೌಡಮ್ಮನ ಸಂಘಕ್ಕೂ ಬಂದು ಹೋಗುವವಳು.

"ಯಾರಿಗಾದ್ರೂ ಕಾನೂನಿನ ತೊಂದರೆ ಇದ್ರೆ ಆಲೂರು ಕೋರ್ಟಿಗೆ ಬನ್ನಿ. ಅಲ್ಲಿ ಕಾನೂನು ಸೇವಾ ಸಮಿತಿ ಅಂತ ಐತೆ. ಲಾಯರ್ ಫೀಸು ಏನೂ ಕೊಡಂಗಿಲ್ಲ. ತೊಂದರೆ ಇರೋರು ಈಗ್ಲೇ ಹೆಸರು ಬರೆಸ್ಬೋದು" ಅಂದಳು.

ಹೆಸರು ಅಂದದ್ದೇ ತಡ, ದ್ಯಾವಯ್ಯ ಹೆಂಡತಿಯ ರಟ್ಟೆ ಹಿಡಿದ.

"ನಡಿ ಒಳೀಕೆ. ಹೆಸ್ರು ಕೇಳಿದ್ರು ಅಂದ್ರೆ ಮುಗೀತು. ಗೋಮಾಳ ಒತ್ತರಿಸಿ ನಾವು ಹಾಕಿರೋ ಕಾಫಿ ಗಿಡ ಐತಲ್ಲ, ಅದನ್ನ ಸರ್ವೆ ಮಾಡಕ್ಕೇ ಇವ್ರನ್ನ ಕಳಿಸಿರೋದು. ನಾಟಕ ಎಲ್ಲ ಮೇಲಿನ ವೇಷ."

ಚೌಡಮ್ಮ ಒಳಗೆ ಹೋದಳು. ಆದರೆ ಅವಳ ಕಣ್ಣು ಗಂಗಾಮಣಿಯ ಮೇಲೇ ಇತ್ತು. ಯಾಕೆಂದರೆ ಆ ಮನೆಗೆ ನಿಜವಾಗಿಯೂ ಒಂದು ಕಷ್ಟ ಬಂದಿತ್ತು.

ಅವರ ಮಗಳು ಶೀಲಾ ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ನರ್ಸ್ ಆಗಬೇಕು ಅನ್ನುವುದು ಅವಳ ಆಸೆ. ಸರ್ಕಾರಿ ಸೀಟಿನ ಪಟ್ಟಿ ಬರುವ ಮೊದಲೇ ಒಬ್ಬ ಬೈಕಿನಲ್ಲಿ ಬಂದ. ದೊಡ್ಡ ಕಟ್ಟಡದ ಚಿತ್ರ ಇದ್ದ ಬಣ್ಣದ ಕಾಗದ ಕೊಟ್ಟ. ಪೇಟೆಯ ನರ್ಸಿಂಗ್ ಕಾಲೇಜು, ಸೀಟು ಮುಗಿಯುತ್ತಾ ಬಂತು, ಬೇಗ ಸೇರಿಸಿ ಅಂದ. ಕಾಫಿ ಮೂಸಿ ಕುಡಿಯುವ ದ್ಯಾವಯ್ಯ ಅವನನ್ನು ಒಂದು ಮಾತೂ ಕೇಳಲಿಲ್ಲ ನೋಡಿ! ಬಂದವನು ಶೂ ಹಾಕಿದ್ದ, ದುಡ್ಡು ಕೇಳಿದ. ಪುಕ್ಕಟೆ ಕೊಡುತ್ತೇನೆ ಅನ್ನುವವನು ಕಳ್ಳ, ದುಡ್ಡು ಕೇಳುವವನು ಸಾಚಾ ಅನ್ನುವುದು ದ್ಯಾವಯ್ಯನ ಲೆಕ್ಕ. ಮುಂಗಡ ಕಟ್ಟಿ ಮಗಳನ್ನು ಸೇರಿಸಿ ಬಂದ.

ಕಾಲೇಜಿನ ಮ್ಯಾನೇಜರ್ ಶೀಲಾಳ ಅಸಲು ಅಂಕಪಟ್ಟಿಗಳನ್ನೂ ಇಸಕೊಂಡ. 'ನಮ್ಮ ಬೀರುವಿನಲ್ಲಿ ಭದ್ರವಾಗಿರುತ್ತೆ' ಅಂದ. ದ್ಯಾವಯ್ಯನಿಗೆ ಅದು ಕೇಳಿ ಖುಷಿಯೇ ಆಯಿತು. ನಮ್ಮ ಕಡೆ ಆನೆ ಬಂದು ಗೋಡೆ ಕೆಡವಿ ಅಕ್ಕಿ ಮೂಟೆ ಎಳೆದು ಹಾಕಿದ್ದುಂಟು. ಅದಕ್ಕೇ ಲೈನಿನವರು ಬೆಲೆಬಾಳುವ ಕಾಗದವನ್ನೆಲ್ಲ ಎಸ್ಟೇಟ್ ಆಫೀಸಿನ ಬೀರುವಿನಲ್ಲಿ ಇಡುವುದು ರೂಢಿ. ಕೇಳಿದಾಗ ಎಸ್ಟೇಟಿನ ಲೆಕ್ಕ ಬರೆಯುವ ನಮ್ಮ ರೈಟರ್ ತೆಗೆದು ಕೊಡುತ್ತಾರೆ. ಎಲ್ಲರ ಬೀರುವೂ ಹಾಗೇ ಅಂತ ದ್ಯಾವಯ್ಯ ತಿಳಿದುಕೊಂಡ.

ಆ ಕಾಲೇಜು ನೋಡಿದರೆ ಹಾರ್ಡ್‌ವೇರ್ ಅಂಗಡಿಯ ಮೇಲಿನ ಎರಡು ಕೋಣೆ. ಚಿತ್ರದಲ್ಲಿದ್ದ ಕಟ್ಟಡ ಯಾರದ್ದೋ ಏನೋ. ಕಲಿಯಲು ಆಸ್ಪತ್ರೆ ಇಲ್ಲ, ಪಾಠ ಹೇಳುವವರು ಬಂದರೆ ಬಂದರು. 'ಕಾಲೇಜಿಗೆ ಮಾನ್ಯತೆ ಇದೆಯಾ ಸಾರ್?' ಅಂತ ಶೀಲಾ ಕೇಳಿದರೆ 'ಬರ್ತಾ ಇದೆ' ಅಂದರು. ಅಷ್ಟರಲ್ಲಿ ಸರ್ಕಾರಿ ಪಟ್ಟಿ ಬಂತು. ಸರ್ಕಾರಿ ನರ್ಸಿಂಗ್ ಕಾಲೇಜಿನಲ್ಲೇ ಅವಳಿಗೆ ಸೀಟು ಸಿಕ್ಕಿತ್ತು. ಬರುವ ಶನಿವಾರದೊಳಗೆ ಅಸಲು ಅಂಕಪಟ್ಟಿ ತೋರಿಸಿ ಸೇರಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ. ಮ್ಯಾನೇಜರ್ ಮಾತ್ರ 'ಪೂರ್ತಿ ಕೋರ್ಸಿನ ಫೀಸು ಕಟ್ಟಿ, ಅಂಕಪಟ್ಟಿ ತಗೊಂಡು ಹೋಗಿ' ಅಂತ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ. ಹುಡುಗಿ ಅನ್ನ ನೀರು ಬಿಟ್ಟು ಮೂಲೆ ಹಿಡಿದು ಕೂತಿದ್ದಳು.

ವ್ಯಾನು ಹೊರಡುವ ಹೊತ್ತಿಗೆ ಚೌಡಮ್ಮ ಹಿತ್ತಿಲ ಬಾಗಿಲಿನಿಂದ ಓಡಿಹೋಗಿ ಗಂಗಾಮಣಿಯನ್ನು ಕರೆತಂದಳು. ದ್ಯಾವಯ್ಯ ಅವಳನ್ನು ಕೂರು ಅನ್ನಲಿಲ್ಲ. ಚೌಡಮ್ಮ ಮಣೆ ಹಾಕಿ, ಮಗಳ ಕಷ್ಟವನ್ನೆಲ್ಲ ಹೇಳಿದಳು.

"ಪುಕ್ಕಟೆ ಲಾಯ್ರು ಅಂತೀಯಲ್ಲ, ಅವ್ರಿಗೆ ಸಂಬಳ ಕೊಡೋರ್ ಯಾರು?" ದ್ಯಾವಯ್ಯ ಶುರು ಮಾಡಿದ.

"ಸರ್ಕಾರ ಕೊಡುತ್ತೆ ಅಣ್ಣ. ಅದಕ್ಕೇ ಒಂದು ಕಾಯ್ದೆ ಐತೆ."

"ಎದ್ರು ಪಾರ್ಟಿ ಜಾಸ್ತಿ ದುಡ್ಡು ಕೊಟ್ರೆ ಆ ಕಡೆ ತಿರುಗ್ಕೊತಾರೆ."

"ಹಂಗೇನಾದ್ರೂ ಮಾಡಿದ್ರೆ ನೀನು ಸಮಿತಿಗೇ ದೂರು ಕೊಡ್ಬೋದು. ಸಮಿತಿ ಅಧ್ಯಕ್ಷರು ಜಡ್ಜೇ ಕಣಣ್ಣ."

"ಜಡ್ಜು ಅಂದ್ಮೇಲೆ ಕೋರ್ಟೇ ಆಯ್ತಲ್ಲ! ಕೋರ್ಟಲ್ಲಿ ಗೆದ್ದೋನು ಸೋತ, ಸೋತೋನು ಸತ್ತ. ನಮ್ಗ್ ಬ್ಯಾಡ ಮಾರಾಯ್ತಿ."

"ಮೊದ್ಲೇ ಕೇಸು ಹಾಕಲ್ಲ. ಆ ಕಾಲೇಜಿನೋರನ್ನ ಕರೆಸಿ ಕೂರಿಸಿ ಮಾತಾಡ್ತಾರೆ. ಅಲ್ಲೇ ಇತ್ಯರ್ಥ ಆದ್ರೆ ಕೋರ್ಟಿನ ಅಲೆದಾಟನೇ ಇಲ್ಲ."

"ನೀನ್ ಯಾಕೆ ಇಷ್ಟೊಂದು ಮುತುವರ್ಜಿ ತಗೊಳ್ತಿದೀಯ? ನಿನಗೆಷ್ಟು ಕೊಡ್ತಾರೆ? ನಮ್ ಗಿಡದ ವಿಷ್ಯ ಯಾರಿಗೆ ಹೇಳ್ತೀಯ?"

ಗಂಗಾಮಣಿಗೆ ಸಿಟ್ಟು ಬಂದಿರಬೇಕು. ಆದರೂ ದನಿ ಏರಿಸಲಿಲ್ಲ.

"ನಾನು ಸಮಿತಿಯ ಸ್ವಯಂಸೇವಕಿ. ಕೆಲಸ ಮಾಡಿದ ದಿನ ಒಂದಿಷ್ಟು ಭತ್ಯೆ ಕೊಡ್ತಾರೆ, ಅದೂ ಸರ್ಕಾರದ್ದೇ. ನಿನ್ನ ಗಿಡದ ಸುದ್ದಿ ಈಗ ನೀನೇ ಹೇಳಿದ್ದಕ್ಕೆ ಗೊತ್ತಾಯ್ತು, ನಾನು ಕೇಳಿರ್ಲಿಲ್ಲ. ಅಣ್ಣ, ನನ್ನ ಮೇಲೆ ಅನುಮಾನ ಪಡು, ಬೇಜಾರಿಲ್ಲ. ಆದ್ರೆ ಇಷ್ಟೊತ್ತು ನನ್ನನ್ನ ಕೇಳಿದ್ಯಲ್ಲ, ಇದ್ರಲ್ಲಿ ಒಂದೇ ಒಂದು ಪ್ರಶ್ನೆನಾದ್ರೂ ಆ ಬೈಕಿನೋನ್ನ ಕೇಳಿದ್ಯಾ?"

ಮೂಲೆಯಲ್ಲಿದ್ದ ಶೀಲಾ ತಲೆ ಎತ್ತಿ ಅಪ್ಪನ ಮುಖ ನೋಡಿದಳು. ಆ ನೋಟ ಅವನಿಗೆ ಚುಚ್ಚಿತು. ಚೌಡಮ್ಮ ಸುಮ್ಮನಿರಬೇಕಲ್ಲ!

"ಕೇಳ್ಲಿಲ್ಲ ಕಣವ್ವ. ಕಾಯಿ ಅಲ್ಲಾಡಿಸಿ ನೋಡೋರು ಮಗಳನ್ನ ಕಣ್ಣು ಮುಚ್ಕೊಂಡ್ ಕೊಟ್ಟು ಬಂದ್ರು."

ಸೋಮವಾರ ನಾಲ್ವರೂ ಆಲೂರಿನ ಕೋರ್ಟಿಗೆ ಹೋದರು. ದ್ಯಾವಯ್ಯ ಒಪ್ಪಿ ಹೋದದ್ದಲ್ಲ, ಮೋಸ ಕಂಡುಹಿಡಿಯುತ್ತೇನೆ ಅಂತ ಹೋದದ್ದು. ಸಮಿತಿಯ ಕೋಣೆಯಲ್ಲಿ ವಕೀಲೆ ಚೈತ್ರಶ್ರೀ ಸಿಕ್ಕರು. ಸಕಲೇಶಪುರದ ಕಡೆಯ ಬೆಳೆಗಾರರ ಮನೆಯ ಹುಡುಗಿ. ಕಾಲೇಜು ಕೊಟ್ಟಿದ್ದ ರಸೀದಿ ನೋಡಿದರು, ಶೀಲಾಳ ಬಾಯಿಂದಲೇ ಎಲ್ಲ ಕೇಳಿಸಿಕೊಂಡರು.

"ಫೀಸಿನ ತಕರಾರು ಏನೇ ಇರಲಿ, ಮಕ್ಕಳ ಅಂಕಪಟ್ಟಿಯನ್ನ ಒತ್ತೆ ಇಟ್ಟುಕೊಳ್ಳೋ ಹಾಗಿಲ್ಲ. ಅದು ಚಿನ್ನ ಅಲ್ಲ, ಗಿರವಿ ಇಡೋಕೆ. ನಾನು ಅರ್ಜಿ ಬರೀತೀನಿ. ಪೂರ್ತಿ ಓದಿ ಹೇಳಿದ ಮೇಲೆ ಸಹಿ ಮಾಡಿ, ಅದಕ್ಕೆ ಮುಂಚೆ ಬೇಡ" ಅಂದರು.

ದ್ಯಾವಯ್ಯನಿಗೆ ಈ ಮಾತು ಹಿಡಿಸಿತು. ಆದರೂ ಪರೀಕ್ಷೆ ಬಿಡಲಿಲ್ಲ. ಚೀಲದಿಂದ ಒಳ್ಳೆಮೆಣಸಿನ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ.

"ನಮ್ ಬಳ್ಳೀದೇ ಮೇಡಂ. ಮನೆಗಾಗ್ತದೆ."

"ಬೇಡ ಯಜಮಾನ್ರೆ. ನಿಮ್ಮಿಂದ ನಾನು ಏನೂ ತಗೊಳ್ಳೋ ಹಾಗಿಲ್ಲ. ತಗೊಂಡ್ರೆ ನನ್ನನ್ನ ಸಮಿತಿಯ ವಕೀಲರ ಪಟ್ಟಿಯಿಂದ ತೆಗೆದುಹಾಕ್ತಾರೆ."

ಇನ್ನಾದರೂ ಅವನಿಗೆ ಸಮಾಧಾನ ಆಯಿತು ಅಂದುಕೊಂಡಿರಾ? ಬಸ್ ಸ್ಟ್ಯಾಂಡಿನಲ್ಲಿ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ: "ಮೆಣಸು ಮುಟ್ಲಿಲ್ಲ ಅಂದ್ರೆ ಕೆಲ್ಸ ಮಾಡ್ಕೊಡಲ್ಲ ಅಂತಾನೇ ಅರ್ಥ ಕಣೆ. ಮಾಡೋರು ತಗೊಂಡ್ಬುಡ್ತಿದ್ರು."

"ತಗೊಂಡಿದ್ರೆ ಲಂಚ ಅಂತಿದ್ರಿ, ತಗೊಳ್ದಿದ್ರೆ ಕೆಲ್ಸ ಮಾಡಲ್ಲ ಅಂತೀರ. ಆ ಹುಡ್ಗಿ ಏನು ಮಾಡಿದ್ರೆ ನಿಮಗೆ ಸರಿ ಹೋಗ್ತಿತ್ತು, ಅದನ್ನಾದ್ರೂ ಹೇಳ್ಬುಡಿ" ಅಂದಳು ಚೌಡಮ್ಮ.

ಅರ್ಜಿ ಅವತ್ತೇ ಹಾಸನದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಯಿತು. ಶನಿವಾರದ ಗಡುವು ಇರುವುದನ್ನು ಚೈತ್ರಶ್ರೀ ಅದರಲ್ಲಿ ಬರೆದಿದ್ದರು. ಕಾಲೇಜಿಗೆ ನೋಟಿಸ್ ಹೋಯಿತು. ಶುಕ್ರವಾರ ಎರಡೂ ಕಡೆಯವರು ಬರಬೇಕು ಅಂತ ತಿಳಿಸಿದರು. ಎಲ್ಲರ ಕೆಲಸವೂ ಇಷ್ಟು ಬೇಗ ಆಗುತ್ತದೆ ಅಂತ ನಾನು ಆಣೆ ಮಾಡುವುದಿಲ್ಲ. ತಡವಾದದ್ದನ್ನೂ ನೋಡಿದ್ದೇನೆ. ಆದರೆ ಕೇಳದೆ ಕೂತವರ ಕೆಲಸ ಆಗಿದ್ದನ್ನು ಮಾತ್ರ ನೋಡಿಲ್ಲ.

ಶುಕ್ರವಾರ ಪ್ರಾಧಿಕಾರದ ಜಡ್ಜ್ ಮುಂದೆ ಮ್ಯಾನೇಜರ್ ಬಂದು ಕೂತ. ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ದವನ ನಾಲಗೆಯಲ್ಲಿ ಈಗ ಜೇನು ಸುರಿಯುತ್ತಿತ್ತು.

"ಅಯ್ಯೋ ಯಜಮಾನ್ರೆ, ಇಷ್ಟು ಸಣ್ಣ ವಿಷಯಕ್ಕೆ ಇಲ್ಲೀತನಕ ಬರಬೇಕಿತ್ತಾ? ನಮ್ಮ ಹುಡುಗಿ ಅಲ್ವಾ ಶೀಲಾ? ಬೀರುವಿನ ಕೀಲಿಕೈ ನಮ್ಮ ಪ್ರಿನ್ಸಿಪಾಲ್ ಹತ್ರ ಇದೆ. ನೀವು ಅರ್ಜಿ ವಾಪಸ್ ತಗೊಳ್ಳಿ. ಸೋಮವಾರ ನಾನೇ ನಿಮ್ಮ ಮನೆಗೆ ತಂದುಕೊಡ್ತೀನಿ. ನನ್ನ ಮೇಲೆ ನಂಬಿಕೆ ಇಲ್ವಾ?"

ಸೋಮವಾರ ಅಂದರೆ ಸೀಟು ಕೈತಪ್ಪಿದ ಮೇಲೆ. ಚೈತ್ರಶ್ರೀ ಮಾತಾಡಲು ಹೊರಟವರು ದ್ಯಾವಯ್ಯ ಎದ್ದು ನಿಂತದ್ದು ನೋಡಿ ಸುಮ್ಮನಾದರು.

"ಇಲ್ಲ ಸ್ವಾಮಿ. ನಂಬಿಕೆ ಇಲ್ಲ" ಅಂದ ದ್ಯಾವಯ್ಯ. "ಪ್ರಿನ್ಸಿಪಾಲ್ರು ಎಲ್ಲವ್ರೆ? ಅವ್ರಿಗೆ ಫೋನ್ ಮಾಡಿ, ನಮ್ಮೆದ್ರಿಗೇ ಮಾಡಿ. ಕೀಲಿಕೈ ತಂದು ಬೀರು ತೆಗೀಲಿ. ಅಂಕಪಟ್ಟಿ ನನ್ ಮಗಳ ಕೈಗೆ ಬರೋಗಂಟ ಅರ್ಜಿನೂ ಇಲ್ಲೇ ಇರ್ತದೆ, ನಾನೂ ಇಲ್ಲೇ ಇರ್ತೀನಿ. ನಿಮ್ ಕಾಲೇಜಿಗೆ ಮಾನ್ಯತೆ ಯಾರು ಕೊಟ್ಟವ್ರೆ? ಅದನ್ನ ಸೇರಿಸೋ ದಿನ ಕೇಳ್ಲಿಲ್ಲ, ಈಗ ಕೇಳ್ತಿದೀನಿ. ಹೇಳಿ."

ಮ್ಯಾನೇಜರ್ ಜಡ್ಜ್ ಕಡೆ ನೋಡಿದ. ಜಡ್ಜ್ ಹೇಳಿದರು: "ಅವರು ಕೇಳ್ತಿರೋದು ಸರಿಯಾಗೇ ಇದೆ. ಇವತ್ತೇ ತರಿಸಿ."

ಕೀಲಿಕೈ ಸಿಕ್ಕಿತು. ಸಂಜೆಯೊಳಗೆ ಅಂಕಪಟ್ಟಿಗಳು ಬಂದವು. ಮಾನ್ಯತೆಯ ಪ್ರಶ್ನೆಗೆ ಮಾತ್ರ ಉತ್ತರ ಬರಲಿಲ್ಲ. ಅದರ ಮೇಲೂ ದೂರು ದಾಖಲಾಯಿತು. ಕಟ್ಟಿದ ಮುಂಗಡ ಇನ್ನೂ ವಾಪಸ್ ಬಂದಿಲ್ಲ, ಆ ವಿಚಾರಣೆ ನಡೆಯುತ್ತಿದೆ.

ಶನಿವಾರ ಬೆಳಿಗ್ಗೆ ಅಪ್ಪ ಮಗಳು ಸರ್ಕಾರಿ ಕಾಲೇಜಿನ ಕೌಂಟರಿನ ಮುಂದೆ ನಿಂತರು. ಗುಮಾಸ್ತೆ ಅಸಲು ಅಂಕಪಟ್ಟಿಗಳನ್ನು ಜೆರಾಕ್ಸ್ ಪಕ್ಕದಲ್ಲಿಟ್ಟು ತಾಳೆ ನೋಡಿದರು. ಜೆರಾಕ್ಸ್ ಮೇಲೆ ಮುದ್ರೆ ಒತ್ತಿ ತಾವಿಟ್ಟುಕೊಂಡರು. ಅಸಲನ್ನು ಕಿಟಕಿಯಿಂದ ಹೊರಗೆ ಚಾಚಿದರು. ದ್ಯಾವಯ್ಯ ಕೈ ಚಾಚಲಿಲ್ಲ, ಏನೋ ತಪ್ಪಾಗಿದೆ ಅಂತ ಗಾಬರಿಯಾದ.

"ಯಾಕ್ ಮೇಡಂ, ಸೀಟಿಲ್ವಾ?"

"ಸೀಟು ಆಯ್ತು ಯಜಮಾನ್ರೆ. ನೋಡಿ ಆಯ್ತು, ಅದಕ್ಕೇ ವಾಪಸ್ ಕೊಡ್ತಿದೀನಿ. ಇದು ನಿಮ್ಮ ಮಗಳದ್ದು. ನಾವು ಇಟ್ಕೊಂಡು ಏನು ಮಾಡೋಣ?"

ದ್ಯಾವಯ್ಯ ಆ ಹಾಳೆಗಳನ್ನು ಇಸಕೊಂಡ. ಅಲ್ಲೇ ಕೌಂಟರಿನ ಮುಂದೆ, ಹಿಂದೆ ಸಾಲು ನಿಂತಿದ್ದರೂ ಲೆಕ್ಕಿಸದೆ, ಹೆಗಲ ಟವಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಶೀಲಾ ಅಪ್ಪನ ಕೈಯಿಂದ ಅಂಕಪಟ್ಟಿ ತೆಗೆದುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡಳು.

ಅಕ್ಕಂದಿರೇ, ಅಣ್ಣಂದಿರೇ, ಅನುಮಾನ ಬಿಡಿ ಅಂತ ನಾನು ಹೇಳುವುದಿಲ್ಲ. ಅನುಮಾನ ಪಡಿ, ದುಡ್ಡು ಕಟ್ಟುವ ಮುಂಚೆ ಪಡಿ. ಮಕ್ಕಳನ್ನು ಯಾವ ಕಾಲೇಜಿಗೆ ಸೇರಿಸುವುದಾದರೂ ಮಾನ್ಯತೆ ಇದೆಯೇ ಅಂತ ಕೇಳಿ, ಕಾಗದ ತೋರಿಸಿ ಅನ್ನಿ, ಹೋಗಿ ಕಣ್ಣಾರೆ ನೋಡಿ ಬನ್ನಿ. ಅಸಲು ಅಂಕಪಟ್ಟಿ ತೋರಿಸಿ, ಜೆರಾಕ್ಸ್ ಕೊಡಿ. ತೊಂದರೆಗೆ ಸಿಕ್ಕಿಬಿದ್ದಿದ್ದರೆ ನಾಚಿಕೊಂಡು ಮನೆಯಲ್ಲಿ ಕೂರಬೇಡಿ. ನಿಮ್ಮ ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇದೆ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಆದಾಯ ಕಡಿಮೆ ಇರುವವರಿಗೆ ಅಲ್ಲಿ ವಕೀಲರ ಸೇವೆ ಉಚಿತ. ಹೋಗಲು ಆಗದಿದ್ದರೆ 15100ಕ್ಕೆ ಫೋನ್ ಮಾಡಿ. ಅವರ ಮೇಲೂ ಅನುಮಾನ ಇದ್ದರೆ ದ್ಯಾವಯ್ಯ ಕೇಳಿದ ಪ್ರಶ್ನೆಗಳನ್ನೆಲ್ಲ ಅವರಿಗೂ ಕೇಳಿ. ಉತ್ತರ ಕೊಡುವವರನ್ನು ನಂಬಿ. 'ನನ್ನ ಮೇಲೆ ನಂಬಿಕೆ ಇಲ್ವಾ' ಅಂತ ಬಾಯಿ ಮುಚ್ಚಿಸುವವರಿಗೆ ಮಕ್ಕಳ ಅಂಕಪಟ್ಟಿ ಕೊಡಬೇಡಿ.