ಚಂದ್ರಚೂಡರ ನೀರಿನ ಪೆಟ್ಟಿಗೆ

ಗಲ್ಫ್ ನಗರವೊಂದರ ಶರ್ಕ್ ಬಡಾವಣೆಯಲ್ಲಿ, ಬ್ಯಾಂಕುಗಳ ಹಿಂದಿನ ಗಲ್ಲಿಯಲ್ಲಿ ಬೀರಾನ್ ಇಪ್ಪತ್ತೇಳು ವರ್ಷಗಳಿಂದ ಫೋಟೊಗಳಿಗೆ ಫ್ರೇಮ್ ಹಾಕುತ್ತಿದ್ದ. ಒಂದು ಬೆಳಿಗ್ಗೆ ಎದುರಿನ ಬ್ಯಾಂಕಿನ ಅಧಿಕಾರಿ ಶ್ಯಾಮಸುಂದರ್ ಹಳೆಯ ಫೋಟೊ ಒಂದನ್ನು ತಂದು ಮೇಜಿನ ಮೇಲಿಟ್ಟ.

"ಇವ್ರು ನಮ್ ತಾತ, ಬೀರಾನ್ ಅವ್ರೇ. ಪ್ರೊಫೆಸರ್ ಚಂದ್ರಚೂಡ. ಆ ಕಾಲಕ್ಕೆ ದೊಡ್ಡ ಜಾದೂಗಾರ. ಮುಂದಿನ ಶುಕ್ರವಾರ ನಮ್ಮ ಕನ್ನಡ ಸಂಘದಲ್ಲಿ ಅವರ ಬಗ್ಗೆ ಒಂದು ಕಾರ್ಯಕ್ರಮ ಇಟ್ಕೊಂಡಿದೀವಿ. ಇದನ್ನ ದೊಡ್ಡದು ಮಾಡಿ, ಒಳ್ಳೇ ಫ್ರೇಮ್ ಹಾಕ್ಕೊಡಿ."

ಫೋಟೊದಲ್ಲಿ ಕೋಟು, ಪೇಟ ತೊಟ್ಟವನೊಬ್ಬ ಆಳೆತ್ತರದ ಗಾಜಿನ ಪೆಟ್ಟಿಗೆಗೆ ಒರಗಿ ನಿಂತಿದ್ದ. ಪೆಟ್ಟಿಗೆಯ ಆ ಬದಿಗೆ, ಅರ್ಧ ನೆರಳಿನಲ್ಲಿ, ಕೈಯಲ್ಲಿ ಉಳಿ ಹಿಡಿದ ಇನ್ನೊಬ್ಬನಿದ್ದ. ಬೀರಾನ್ ಅವನ ಮುಖವನ್ನು ಎಂದೂ ನೋಡಿರಲಿಲ್ಲ. ಆದರೆ ಆ ಹಣೆ, ಆ ಅಗಲ ಕಿವಿ ತನ್ನ ತಂದೆಯವು.

ಜೊತೆಗೆ ಕೊಟ್ಟ ಕಿರುಪುಸ್ತಕದಲ್ಲಿ ಹೀಗೆ ಅಚ್ಚಾಗಿತ್ತು: 'ಅಸೂಯೆಯಿಂದ ಬಡಗಿಯೊಬ್ಬ ಪೆಟ್ಟಿಗೆಯ ಚಿಲಕ ಕೆಡಿಸಿದ. ಪ್ರೊಫೆಸರರು ಯೋಗಬಲದಿಂದ ಬದುಕಿ ಬಂದರು.'

"ಈ ಬಡಗಿ ನನ್ನ ಅಜ್ಜ, ಮಮ್ಮಾಲಿ," ಎಂದ ಬೀರಾನ್. "ಇದು ಹೀಗಲ್ಲ ಸಾರ್."

ಬೀರಾನ್ ಹೇಳಿದ್ದು ತನ್ನ ತಂದೆಯಿಂದ ಕೇಳಿದ ಕಥೆ. ಚಂದ್ರಚೂಡ ಮೊದಲು ಮೈಸೂರಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಕೆಲಸ ಬಿಟ್ಟು ನಾಟಕ ಕಂಪನಿ ಸೇರಿ, ಅಂಕಗಳ ನಡುವೆ ಪರದೆಯ ಮುಂದೆ ಇಸ್ಪೀಟೆಲೆಯ ಜಾದೂ ಮಾಡುತ್ತಿದ್ದ. ಮಂಗಳೂರಿಗೆ ಬಂದಾಗ ಬಂದರಿನಲ್ಲಿ ಹಡಗಿನವರಿಗೆ ಪೆಟ್ಟಿಗೆ ಮಾಡಿಕೊಡುವ ಮಮ್ಮಾಲಿ ಸಿಕ್ಕಿದ. ಎಲ್ಲಿ ಕೀಲಿದೆಯೆಂದು ಮಾಡಿದವನಿಗಲ್ಲದೆ ಇನ್ನೊಬ್ಬರಿಗೆ ತಿಳಿಯದಂಥ ಪೆಟ್ಟಿಗೆಗಳು ಅವು. ಹದಿನೈದು ವರ್ಷ ಇಬ್ಬರೂ ಮದ್ರಾಸು, ಕೊಲಂಬೊ, ರಂಗೂನು ಸುತ್ತಿದರು. ಕೈಗೆ ಬೇಡಿ ಹಾಕಿಸಿಕೊಂಡು, ನೀರು ತುಂಬಿದ ಗಾಜಿನ ಪೆಟ್ಟಿಗೆಯಲ್ಲಿ ಮುಳುಗಿ ಹೊರಬರುವ ಆಟ ಚಂದ್ರಚೂಡನಿಗೆ ಚಿನ್ನದ ಪದಕಗಳನ್ನು ತಂದಿತು. ಒಳಗಿನ ಗುಪ್ತ ಚಿಲಕ ಮರದ್ದು, ಮಮ್ಮಾಲಿ ಕೆತ್ತಿದ್ದು.

೧೯೨೭ರಲ್ಲಿ ಮದ್ರಾಸಿನ ಆಟಕ್ಕೆ ಮುಂಚೆ, ದಪ್ಪಗಿದ್ದ ಮರದ ಚಿಲಕ ಗಾಜಿನ ಮೂಲಕ ಕಾಣಿಸಬಹುದೆಂದು ಹೆದರಿ ಚಂದ್ರಚೂಡ ಮಮ್ಮಾಲಿಗೆ ಹೇಳದೆ ಹಿತ್ತಾಳೆಯ ತೆಳುವಾದದ್ದನ್ನು ಹಾಕಿಸಿದ. ಪೆಟ್ಟಿಗೆಯ ಮರ ನೀರಿಗೆ ಉಬ್ಬಿ ಅದು ಕಚ್ಚಿಕೊಂಡಿತು. ಜನ ಚಪ್ಪಾಳೆ ತಟ್ಟುತ್ತಿದ್ದರು, ಒಳಗಿದ್ದವನು ಉಸಿರಿಲ್ಲದೆ ಒದ್ದಾಡುತ್ತಿದ್ದ. ಮಮ್ಮಾಲಿ ಕೊಡಲಿ ತಂದು ಗಾಜು ಒಡೆದು ಅವನನ್ನು ಎಳೆದು ಹಾಕಿದ. ಒಡೆದ ಗಾಜು ಮಮ್ಮಾಲಿಯ ಬಲಗೈಯ ಎರಡು ಬೆರಳುಗಳ ನರ ಕತ್ತರಿಸಿತು. ಮರುದಿನ ಚಂದ್ರಚೂಡ ಪೇಪರಿನವರಿಗೆ ಬಡಗಿಯ ಹೆಸರು ಹೇಳಿದ. ಪೊಲೀಸರು ಮಮ್ಮಾಲಿಯನ್ನು ಹನ್ನೊಂದು ದಿನ ಇಟ್ಟುಕೊಂಡು, ಸಾಕ್ಷಿಯಿಲ್ಲವೆಂದು ಬಿಟ್ಟರು. ಸಾವನ್ನು ಗೆದ್ದ ಜಾದೂಗಾರನನ್ನು ನೋಡಲು ಜನ ಮೊದಲಿಗಿಂತ ಹೆಚ್ಚು ಬಂದರು.

"ಇದಕ್ಕೆಲ್ಲ ಪುರಾವೆ ಏನಾದ್ರೂ..." ಶ್ಯಾಮಸುಂದರ್ ಮೆಲ್ಲಗೆ ಕೇಳಿದ.

"ಉಂಟು ಸಾರ್. ನನ್ನ ಅಜ್ಜನಿಗೆ ನಿಮ್ಮ ತಾತನೇ ಬರೆದ ಕಾಗದ."

ಮರುದಿನ ಬೀರಾನ್ ಕಾಗದ ತಂದ. ಅದು ಮಡಿಕೆಗಳಲ್ಲಿ ಹರಿದಿತ್ತು. ಶ್ಯಾಮಸುಂದರ್ ನಿಂತಲ್ಲೇ ಓದಿದ. ಓದುತ್ತ ಅವನ ಕಣ್ಣು ಒದ್ದೆಯಾಯಿತು. "ತಾತನ ಅಕ್ಷರವೇ. ಇದು ಜನಕ್ಕೆ ಗೊತ್ತಾಗ್ಬೇಕು ಬೀರಾನ್ ಅವ್ರೇ," ಎಂದು ಫೋನಿನಲ್ಲಿ ಫೋಟೊ ತೆಗೆದುಕೊಂಡ. "ಇದಕ್ಕೂ ಫ್ರೇಮ್ ಹಾಕಿ, ಪಕ್ಕದಲ್ಲೇ ಇಡೋಣ."

ತೊಂಬತ್ತೈದು ವರ್ಷಗಳ ಮೇಲೆ ಅಜ್ಜನ ಹೆಸರಿಗಂಟಿದ ಕಳಂಕ ತೊಳೆದುಹೋಗುತ್ತದೆಂದು ಬೀರಾನ್ ಆ ಎರಡು ದಿನ ನಂಬಿದ್ದ. ಮೂರನೆಯ ದಿನ ಶ್ಯಾಮಸುಂದರ್ ಮತ್ತೆ ಬಂದ.

"ಕಾಗದದ ಸುತ್ತ ಬೋರ್ಡ್ ಹಾಕ್ತೀರಲ್ಲ, ಕೆಳಗಡೆ ಅದನ್ನ ಸ್ವಲ್ಪ ಮೇಲಕ್ಕೆ ತನ್ನಿ. ಇಲ್ಲೀವರೆಗೆ ಕಂಡ್ರೆ ಸಾಕು."

ಅವನ ಬೆರಳು ಎರಡನೆಯ ಸಾಲಿನ ಕೆಳಗಿತ್ತು. 'ಮಮ್ಮಾಲಿ, ನಿನ್ನಂಥ ಕೈ ನಾನು ಬೇರೆಲ್ಲೂ ಕಾಣಲಿಲ್ಲ. ನನಗೆ ಬಿದ್ದ ಚಪ್ಪಾಳೆಯಲ್ಲಿ ಅರ್ಧ ನಿನ್ನದು.' ಅಲ್ಲಿಗೆ ನಿಲ್ಲಬೇಕಿತ್ತು.

"ಮತ್ತೆ ಕೆಳಗಿನದ್ದು?"

"ನಮ್ ಅತ್ತೆ ಸರಸಮ್ಮ ಬರ್ತಿದಾರೆ, ಎಂಬತ್ತೆಂಟು ವರ್ಷ. ಅವರ ಅಪ್ಪ ಅದು. ಈ ವಯಸ್ಸಲ್ಲಿ ನೋಯಿಸ್ಬೇಕಾ ಹೇಳಿ. ನಿಮ್ಮಜ್ಜನ್ನ ಹೊಗಳಿರೋದು ಇರತ್ತಲ್ಲ."

"ನನ್ನ ಅಪ್ಪನೂ ನೊಂದೇ ಸತ್ತದ್ದು ಸಾರ್. ಈ ಕೆಲಸ ನನ್ನಿಂದಾಗುವುದಿಲ್ಲ." ಬೀರಾನ್ ಕಾಗದವನ್ನು ಮಡಚಿ ಅಂಗಿಯ ಜೇಬಿಗೆ ಹಾಕಿದ.

ಶುಕ್ರವಾರ ಸಂಜೆ ಹೋಗುವುದು ಬೇಡವೆಂದುಕೊಂಡಿದ್ದರೂ ಮಗಳು ಶಮೀಲಾಳನ್ನು ಕರೆದುಕೊಂಡು ಹೋದ. ಸಭಾಂಗಣ ತುಂಬಿತ್ತು. ವೇದಿಕೆಯ ಹಿಂದಿನ ಪರದೆಯ ಮೇಲೆ ಅಜ್ಜನಿಗೆ ಬಂದ ಕಾಗದ ಗೋಡೆಯಷ್ಟು ದೊಡ್ಡದಾಗಿ ಮೂಡಿತು. ಎರಡೇ ಸಾಲು. ಉಳಿದದ್ದನ್ನು ಫೋನಿನಲ್ಲೇ ಕತ್ತರಿಸಿಯಾಗಿತ್ತು.

"ಉಪ್ಪ, ಇದು ನಮ್ದಲ್ವಾ? ವೇರ್ ಈಸ್ ದ ರೆಸ್ಟ್?" ಶಮೀಲಾ ಕೇಳಿದಳು.

ನಿರೂಪಕಿ ಬೃಂದಾ ಬೀರಾನ್‌ನನ್ನು ಗುರುತಿಸಿ, ಆ ಬಡಗಿಯ ಮೊಮ್ಮಗ ನಮ್ಮ ನಡುವೆಯೇ ಇದ್ದಾರೆಂದು ವೇದಿಕೆಗೆ ಕರೆದಳು. ಶಾಲು ತರುವಷ್ಟರಲ್ಲಿ ಬೀರಾನ್ ಮೈಕ್ ಕೇಳಿ ಪಡೆದು ಜೇಬಿನ ಕಾಗದ ಬಿಚ್ಚಿದ. ಮೂರನೆಯ ಸಾಲಿನಿಂದ ಓದಿದ.

"ಆ ಚಿಲಕ ಹಾಕಿಸಿದವನು ನಾನು. ನಿನಗೆ ತಿಳಿಸಲಿಲ್ಲ. ನನ್ನ ಹೆಸರು ಉಳಿಸಿಕೊಳ್ಳಲು ಪೇಪರಿನವರಿಗೆ ನಿನ್ನ ಹೆಸರು ಹೇಳಿದೆ. ಇದನ್ನು ಯಾರ ಮುಂದೆಯೂ ಆಡಲಾರೆ. ನಿನಗೆ ಮಾತ್ರ ಬರೆದಿದ್ದೇನೆ."

ಮುಂದಿನ ಸಾಲಿನಲ್ಲಿ ಶ್ಯಾಮಸುಂದರ್ ತಲೆ ತಗ್ಗಿಸಿದ್ದ. ಬೃಂದಾ ಗಾಬರಿಯಾಗಿ ಇನ್ನೊಂದು ಮೈಕ್ ಎತ್ತಿಕೊಂಡಳು.

"ನೋಡಿ, ಎಂಥ ದೊಡ್ಡ ಮನಸ್ಸು! ಒಬ್ಬ ಬಡಗಿಯ ತಪ್ಪನ್ನ ತಮ್ಮ ಮೇಲೆ ಹಾಕ್ಕೊಂಡ ಮಹಾನುಭಾವರು! ಜೋರಾದ ಚಪ್ಪಾಳೆ ಬರ್ಲಿ!"

ಚಪ್ಪಾಳೆ ಬಿತ್ತು. ಸರಸಮ್ಮ ಕಣ್ಣೊರೆಸಿಕೊಂಡರು. ಯಾರೋ ಶಾಲು ಹೊದಿಸಿದರು. "ಅಲ್ಲ, ಅದು ಹಾಗಲ್ಲ," ಎಂದ ಬೀರಾನ್. ಅಷ್ಟರಲ್ಲಿ ಅವನ ಮೈಕ್ ನಿಂತುಹೋಗಿತ್ತು.

ಮನೆಗೆ ಹೋಗುವಾಗ ಕಾರಿನಲ್ಲಿ ಶಮೀಲಾ ಕೇಳಿದಳು, "ನಿಮ್ಮ ಅಜ್ಜ ಆ ಲೆಟರ್‌ಗೆ ಉತ್ತರ ಬರೆದ್ರಾ?"

"ಇಲ್ಲ. ಅವರಿಗೆ ಓದು ಬರ್ತಿರಲಿಲ್ಲ. ನನ್ನ ಅಪ್ಪ ಆಗ ನಾಲ್ಕನೇ ಕ್ಲಾಸು, ಅವರೇ ಓದಿ ಹೇಳಿದ್ದು. ಕೇಳಿ ಎದ್ದು ಹೋದ್ರಂತೆ. ಮತ್ತೆ ಅವರಿಗೆ ಯಾರೂ ಪೆಟ್ಟಿಗೆ ಮಾಡ್ಲಿಕ್ಕೆ ಹೇಳ್ಲಿಲ್ಲ. ಎಡಗೈಯಲ್ಲಿ ಕಿಟಕಿ ಬಾಗಿಲು ಮಾಡ್ತಿದ್ದದ್ದು, ಸಾಯುವವರೆಗೆ."

ಒಂದು ವಾರದ ಮೇಲೆ ಶ್ಯಾಮಸುಂದರನ ಸಂದೇಶ ಬಂತು. ಕಾರ್ಯಕ್ರಮದ ವಿಡಿಯೊ ಎಲ್ಲರಿಗೂ ಹಿಡಿಸಿದೆ, ತಾತನ ಕೈಬರಹ ಕುಟುಂಬದಲ್ಲೇ ಇದ್ದರೆ ಚೆನ್ನ, ಮೂಲ ಕಾಗದ ಕೊಡುತ್ತೀರಾ ಎಂದು ಕೇಳಿದ್ದ.

'ಕುಟುಂಬದಲ್ಲೇ ಉಂಟು,' ಎಂದು ಬರೆದು ಬೀರಾನ್ ಫೋನನ್ನು ಮಗುಚಿಟ್ಟ.